ಹತ್ತು ವಿದ್ಯಾರ್ಥಿಗಳು, ಒಂದು ಕರಿ ಪಿಯಾನೊ: 1964ರ ಗೊಟಿಂಗೆನ್ ಸಂಜೆ

ಈ ವಾರದ ಮಾತು ಒಂದು ಹಾಡಿನ ಬಗ್ಗೆ. ಸರಿಯಾಗಿ ಹೇಳಬೇಕಂದ್ರೆ, ಆ ಹಾಡು ಹುಟ್ಟಿದ ಊರಿನ ಬಗ್ಗೆ, 1964ರ ಜುಲೈ ತಿಂಗಳಲ್ಲಿ ಅಲ್ಲಿ ನಡೆದ ಒಂದು ಸಂಜೆಯ ಬಗ್ಗೆ. ವೀಡಿಯೊ ನೋಡೋಕೆ ಪುರುಸೊತ್ತಿಲ್ಲದವರಿಗೆ, ಆಫೀಸ್ ಬಸ್ಸಲ್ಲಿ ಕೂತು ಓದೋರಿಗೆ ಅಂತ ಎಂದಿನ ಹಾಗೆ ಬರಹದಲ್ಲೂ ಕೊಡ್ತಿದ್ದೀನಿ.

ಕೆಲವು ತಿಂಗಳ ಹಿಂದೆ, ಫ್ರೆಂಚ್ ಕ್ಲಾಸಿಗೆ ಹೋಗೋ ಗೆಳೆಯನೊಬ್ಬ ನನ್ನನ್ನು ಪುಣೆಯ ಒಂದು ಸಣ್ಣ ಸಭಾಂಗಣಕ್ಕೆ ಎಳ್ಕೊಂಡು ಹೋದ. ಮಡಚುವ ಕುರ್ಚಿಗಳು, ಐವತ್ತು-ಅರವತ್ತು ಜನ, ಒಬ್ಬ ಗಾಯಕಿ, ಒಂದು ಪಿಯಾನೊ. ಫ್ರೆಂಚ್ ‘ಶಾಂಸೊನ್’ ಸಂಜೆ ಅಂತ ಪೋಸ್ಟರಿನಲ್ಲಿತ್ತು. ನನ್ನ ಫ್ರೆಂಚ್ ‘ಮೆರ್ಸಿ’ ಅನ್ನೋದಕ್ಕೇ ಮುಗಿಯುತ್ತೆ. ಹಾಗಾಗಿ ರಾಗ ಕೇಳ್ತಾ, ನಡುನಡುವೆ ಫೋನ್ ನೋಡ್ತಾ ಕೂತಿದ್ದೆ. ನಾಲ್ಕನೇದೋ ಐದನೇದೋ ಹಾಡು. ಒಂದು ಪದ ಮತ್ತೆ ಮತ್ತೆ ಬರ್ತಾ ಇದೆ: ಗೊಟಿಂಗೆನ್. ನಾನು ನೆಟ್ಟಗೆ ಕೂತೆ.

ಯಾಕಂದ್ರೆ ಗೊಟಿಂಗೆನ್ ಫ್ರಾನ್ಸಿನ ಊರಲ್ಲ, ಜರ್ಮನಿಯದ್ದು. ಆ ಹೆಸರು ನನಗೆ ಗೊತ್ತಿದ್ದದ್ದು ಹಾಡಿನಿಂದಲ್ಲ, ಎಂ.ಟೆಕ್ ಪಠ್ಯಪುಸ್ತಕದಿಂದ. ಪ್ಯಾರಿಸ್ಸಿನ ಗಾಯಕಿಯೊಬ್ಬಳು ಜರ್ಮನಿಯ ವಿಶ್ವವಿದ್ಯಾಲಯದ ಊರಿನ ಮೇಲೆ ಇಷ್ಟು ಪ್ರೀತಿಯಿಂದ ಯಾಕೆ ಹಾಡಬೇಕು? ಮನೆಗೆ ಬಂದು ಹುಡುಕ್ತಾ ಹೋದೆ. ಇವತ್ತು ಹೇಳ್ತಿರೋದು ಆ ಹುಡುಕಾಟದಲ್ಲಿ ಸಿಕ್ಕ ಕಥೆ.

ನಮಗೆ ಗೊತ್ತಿರುವ ಗೊಟಿಂಗೆನ್

ಕಂಪ್ಯೂಟರ್ ಸೈನ್ಸ್ ಓದಿದ ಯಾರಿಗೂ ಡೇವಿಡ್ ಹಿಲ್ಬರ್ಟ್ ಹೆಸರು ಹೊಸದಲ್ಲ. ಗಣಿತದ ಒಂದು ಹೇಳಿಕೆ ಕೊಟ್ಟರೆ ಅದನ್ನು ಸಾಧಿಸಬಹುದೋ ಇಲ್ಲವೋ ಎಂದು ತೀರ್ಮಾನಿಸುವ ಯಾಂತ್ರಿಕ ವಿಧಾನ ಇದೆಯೇ? 1928ರಲ್ಲಿ ಹಿಲ್ಬರ್ಟ್ ಮತ್ತು ಅವರ ಶಿಷ್ಯ ಆಕರ್ಮನ್ ತಮ್ಮ ಪುಸ್ತಕದಲ್ಲಿ ಇಟ್ಟ ಪ್ರಶ್ನೆ ಇದು. ಇದಕ್ಕೆ ‘ಇಲ್ಲ’ ಎಂದು ಉತ್ತರಿಸುವ ದಾರಿಯಲ್ಲೇ 1936ರಲ್ಲಿ ಅಲನ್ ಟ್ಯೂರಿಂಗ್ ತಮ್ಮ ಕಾಲ್ಪನಿಕ ಯಂತ್ರವನ್ನು ಕಟ್ಟಿದರು. ನಾವೆಲ್ಲ ಅನ್ನ ತಿನ್ನುತ್ತಿರುವ ಕಸುಬಿನ ಬೇರುಗಳಲ್ಲಿ ಒಂದು ಗೊಟಿಂಗೆನ್ನಿನ ಮಣ್ಣಿನಲ್ಲಿದೆ.

ಆದರೆ ಟ್ಯೂರಿಂಗ್ ಉತ್ತರ ಬರೆಯುವ ಹೊತ್ತಿಗೆ ಆ ಗೊಟಿಂಗೆನ್ ಉಳಿದಿರಲಿಲ್ಲ. 1933ರ ಏಪ್ರಿಲ್‌ನಲ್ಲಿ ಹಿಟ್ಲರನ ಸರ್ಕಾರ ಯಹೂದಿಗಳನ್ನು ಸರ್ಕಾರಿ ನೌಕರಿಯಿಂದ ತೆಗೆಯುವ ಕಾನೂನು ತಂತು. ಎಮ್ಮಿ ನೋಥರ್, ರಿಚರ್ಡ್ ಕೌರಂಟ್, ಮ್ಯಾಕ್ಸ್ ಬಾರ್ನ್ ಕೆಲಸ ಕಳೆದುಕೊಂಡರು. ನೊಬೆಲ್ ಪಡೆದಿದ್ದ ಜೇಮ್ಸ್ ಫ್ರಾಂಕ್ ಪ್ರತಿಭಟಿಸಿ ತಾವೇ ರಾಜೀನಾಮೆ ಕೊಟ್ಟರು. ಮೇ 10ರ ರಾತ್ರಿ ಊರಿನ ಒಂದು ಚೌಕದಲ್ಲಿ ಪುಸ್ತಕಗಳನ್ನು ಗುಡ್ಡೆ ಹಾಕಿ ಸುಟ್ಟರು. ಸುಟ್ಟವರಲ್ಲಿ ಮುಂದಿದ್ದವರು ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಈ ಮಾತು ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ. 1938ರ ನವೆಂಬರ್‌ನಲ್ಲಿ ಊರಿನ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಬೆಂಕಿಗೆ ಹೋಯಿತು.

ಇಲ್ಲಿ ನಮ್ಮೂರಿನ ನಂಟೂ ಒಂದು ಇದೆ. ಕೆಲಸ ಹೋದ ಮ್ಯಾಕ್ಸ್ ಬಾರ್ನ್ ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ 1935ರಲ್ಲಿ ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. ಸುಮಾರು ಆರು ತಿಂಗಳು ಅಲ್ಲಿದ್ದರು. ಅವರಿಗೆ ಕಾಯಂ ಹುದ್ದೆ ಕೊಡಿಸಲು ರಾಮನ್ ಪ್ರಯತ್ನಪಟ್ಟರು. ಒಳಗಿನ ವಿರೋಧದಿಂದ ಅದು ಕೈಗೂಡಲಿಲ್ಲ. 1936ರಲ್ಲಿ ಬಾರ್ನ್ ಎಡಿನ್‌ಬರೋಗೆ ಹೋದರು. ಗೊಟಿಂಗೆನ್ ಕಳೆದುಕೊಂಡದ್ದನ್ನು ಬೆಂಗಳೂರು ಇನ್ನೇನು ಪಡೆದೇ ಬಿಡುತ್ತಿತ್ತು, ತಪ್ಪಿಹೋಯಿತು. ಬಾರ್ನ್ ಅವರನ್ನೂ ಇಲ್ಲಿಗೇ ಬಿಡ್ತಿಲ್ಲ, ಕೊನೆಯಲ್ಲಿ ಮತ್ತೆ ಸಿಗ್ತಾರೆ.

ಶಾಂಸೊನ್ ಅಂದರೆ ಏನು

ಈಗ ಹಾಡಿನ ಕಡೆ ಬರೋಣ. ಫ್ರೆಂಚಿನಲ್ಲಿ ‘ಶಾಂಸೊನ್’ ಎಂದರೆ ಹಾಡು, ಅಷ್ಟೇ. ಆದರೆ ಹೊರಗಿನವರು ಆ ಪದ ಬಳಸುವಾಗ ಒಂದು ನಿರ್ದಿಷ್ಟ ಬಗೆ ಕಣ್ಮುಂದೆ ಇರುತ್ತೆ. ಮಾತೇ ಮುಖ್ಯವಾದ ಹಾಡು, ಮಾತನ್ನು ಮುಚ್ಚದ ಸಂಗೀತ. ನಮ್ಮ ಭಾವಗೀತೆ, ಸುಗಮ ಸಂಗೀತ ನೆನಪಿಸಿಕೊಂಡರೆ ಹತ್ತಿರ ಬರುತ್ತೆ. ಒಂದು ವ್ಯತ್ಯಾಸ ಇದೆ. ನಮ್ಮ ಭಾವಗೀತೆಯಲ್ಲಿ ಕವಿ ಒಬ್ಬರು, ರಾಗ ಹಾಕಿದವರು ಇನ್ನೊಬ್ಬರು, ಹಾಡುವವರು ಮತ್ತೊಬ್ಬರು. ಎರಡನೇ ಮಹಾಯುದ್ಧದ ನಂತರದ ಶಾಂಸೊನ್‌ನಲ್ಲಿ ಮೂರೂ ಕೆಲಸ ಒಬ್ಬರೇ ಮಾಡುವುದು ದೊಡ್ಡ ಪರಂಪರೆಯಾಯಿತು. ಜಾರ್ಜ್ ಬ್ರಾಸೆನ್ಸ್, ಜಾಕ್ ಬ್ರೆಲ್, ಬಾರ್ಬರಾ ಎಲ್ಲ ಹಾಗೆ. ಆ ಮಟ್ಟಿಗೆ ನಮ್ಮ ಪುರಂದರದಾಸರ ದಾರಿ ಅದಕ್ಕೆ ಹೆಚ್ಚು ಹತ್ತಿರ.

ಇದಕ್ಕೂ ಹಿಂದೆ ಒಂದು ಉದ್ದದ ಇತಿಹಾಸ ಇದೆ. 1847ರಲ್ಲಿ ಪ್ಯಾರಿಸ್ಸಿನ ಶಾಂಜೆಲಿಜೆ ಬೀದಿಯ ಒಂದು ಕೆಫೆಯಲ್ಲಿ ಅರ್ನೆಸ್ಟ್ ಬೂರ್ಜೆ ಎಂಬ ಗೀತರಚನೆಕಾರ ಗೆಳೆಯರ ಜೊತೆ ಕೂತಿದ್ದ. ಅಲ್ಲಿ ಇವನದೇ ರಚನೆ ಹಾಡ್ತಾ ಇದ್ದರು, ಇವನಿಗೆ ಚಿಕ್ಕಾಸೂ ಇಲ್ಲ. ಬಿಲ್ ಬಂದಾಗ ಬೂರ್ಜೆ ವಾದ ಸರಳವಾಗಿತ್ತು: ನನ್ನ ಹಾಡಿಗೆ ನೀವು ದುಡ್ಡು ಕೊಡಲ್ಲ, ನಿಮ್ಮ ಪಾನೀಯಕ್ಕೆ ನಾನೂ ಕೊಡಲ್ಲ. ವಿಷಯ ಕೋರ್ಟಿಗೆ ಹೋಯಿತು, ಬೂರ್ಜೆ ಗೆದ್ದ. ಅದರ ಬೆನ್ನಲ್ಲೇ 1851ರಲ್ಲಿ ‘ಸಾಸೆಮ್’ ಎಂಬ ಹಕ್ಕುದಾರರ ಸಂಘ ಹುಟ್ಟಿತು, ಇವತ್ತಿಗೂ ಇದೆ. ಲೈಸೆನ್ಸ್ ಓದದೆ ಕೋಡ್ ಕಾಪಿ ಮಾಡೋ ನಮ್ಮಂಥವರಿಗೆ ಒಳ್ಳೆ ಪಾಠ.

1881ರಲ್ಲಿ ಮೋಮಾರ್ತ್ರ್ ಗುಡ್ಡದ ಬುಡದಲ್ಲಿ ‘ಶಾ ನ್ವಾರ್’ ಎಂಬ ಕ್ಯಾಬರೆ ಶುರುವಾಯಿತು. ಕ್ಯಾಬರೆ ಅಂದ ತಕ್ಷಣ ಎಪ್ಪತ್ತರ ದಶಕದ ನಮ್ಮ ಸಿನಿಮಾ ನೃತ್ಯ ನೆನಪಿಸಿಕೊಳ್ಳಬೇಡಿ. ಇದು ಕವಿಗಳು, ಚಿತ್ರಕಾರರು, ಹಾಡುಗಾರರು ಸೇರುತ್ತಿದ್ದ ಜಾಗ. ಯುದ್ಧದ ನಂತರ ಈ ಬಗೆಯ ಸಣ್ಣ ಕ್ಯಾಬರೆಗಳು ಸೆನ್ ನದಿಯ ಎಡದಂಡೆಯಲ್ಲಿ ಹತ್ತಾರು ಹುಟ್ಟಿದವು. ಬಾಡಿಗೆಗೆ ಸಿಗುವ ನೆಲಮಾಳಿಗೆ, ಒಂದು ಪಿಯಾನೊ, ಇಕ್ಕಟ್ಟಿನ ವೇದಿಕೆ. ವಾದ್ಯವೃಂದಕ್ಕೆ ಜಾಗವೂ ಇಲ್ಲ, ದುಡ್ಡೂ ಇಲ್ಲ. ಮಾತು ಮುಂದೆ ಬಂದು ಸಂಗೀತ ಹಿಂದೆ ನಿಲ್ಲಲು ಸೌಂದರ್ಯಪ್ರಜ್ಞೆ ಎಷ್ಟು ಕಾರಣವೋ ಬಡತನವೂ ಅಷ್ಟೇ ಕಾರಣ ಅಂತ ನನಗನ್ನಿಸುತ್ತೆ.

ಮಾತು ಮುಂದೆ ಬಂದಾಗ ರಾಜಕೀಯವೂ ಬರುತ್ತೆ. 1954ರಲ್ಲಿ ಬೋರಿಸ್ ವಿಯಾನ್ ಸೈನ್ಯಕ್ಕೆ ಸೇರಲು ಒಲ್ಲೆ ಎನ್ನುವವನ ಹಾಡು ಬರೆದರು. ಫ್ರಾನ್ಸ್ ಆಗ ಇಂಡೊಚೀನಾದಲ್ಲಿ ಸೋಲುತ್ತಿತ್ತು, ಅದೇ ವರ್ಷ ಅಲ್ಜೀರಿಯಾದ ಯುದ್ಧವೂ ಶುರುವಾಯಿತು. ಹಾಡಿಗೆ ರೇಡಿಯೊದಲ್ಲಿ ನಿಷೇಧ ಬಿತ್ತು. ಮೂರು ನಿಮಿಷದ ಹಾಡಿಗೆ ಸರ್ಕಾರ ಹೆದರುತ್ತಿದ್ದ ಕಾಲ ಅದು.

ಮಧ್ಯರಾತ್ರಿಯ ಗಾಯಕಿ

ಬಾರ್ಬರಾ ಎಂಬುದು ವೇದಿಕೆಯ ಹೆಸರು. ನಿಜವಾದ ಹೆಸರು ಮೊನಿಕ್ ಸೆರ್ಫ್, ಹುಟ್ಟಿದ್ದು 1930ರ ಜೂನ್‌ನಲ್ಲಿ ಪ್ಯಾರಿಸ್ಸಿನಲ್ಲಿ. ಯಹೂದಿ ಕುಟುಂಬ. ಪೂರ್ವ ಯುರೋಪಿನಿಂದ ಬಂದಿದ್ದ ತಾಯಿಯ ತಾಯಿ ವರ್ವಾರಾ, ಆ ಅಜ್ಜಿಯ ಹೆಸರೇ ಮುಂದೆ ಬಾರ್ಬರಾ ಆಯಿತು.

1940ರಲ್ಲಿ ಜರ್ಮನ್ ಸೈನ್ಯ ಫ್ರಾನ್ಸಿಗೆ ನುಗ್ಗಿದಾಗ ಹುಡುಗಿಗೆ ಹತ್ತು ವರ್ಷ. ಅಲ್ಲಿಂದ ಊರಿಂದ ಊರಿಗೆ ಓಡಾಟ. 1942ರ ಜುಲೈನಲ್ಲಿ ಪ್ಯಾರಿಸ್ಸಿನಲ್ಲಿ ಎರಡೇ ದಿನದಲ್ಲಿ ಸುಮಾರು 13 ಸಾವಿರ ಯಹೂದಿಗಳನ್ನು ಹಿಡಿದು ಸಾಗಿಸಿದರು, ಅವರಲ್ಲಿ ಸಾವಿರಾರು ಮಕ್ಕಳಿದ್ದರು. ಹಿಡಿದದ್ದು ಫ್ರೆಂಚ್ ಪೊಲೀಸರು. ಯುದ್ಧ ಮುಗಿಯುವ ಹೊತ್ತಿಗೆ ಫ್ರಾನ್ಸಿನಿಂದ ಸುಮಾರು 76 ಸಾವಿರ ಯಹೂದಿಗಳನ್ನು ಸಾವಿನ ಶಿಬಿರಗಳತ್ತ ಕಳಿಸಲಾಗಿತ್ತು, ಅವರಲ್ಲಿ ವಾಪಸ್ ಬಂದವರು ಬಹಳ ಕಡಿಮೆ. ಮೊನಿಕ್ ಕುಟುಂಬ 1943ರಿಂದ ಯುದ್ಧ ಮುಗಿಯುವವರೆಗೆ ಆಲ್ಪ್ಸ್ ತಪ್ಪಲಿನ ಸೇಂಟ್ ಮಾರ್ಸೆಲಿನ್ ಎಂಬ ಊರಿನಲ್ಲಿ ಅಡಗಿ ಬದುಕಿತು.

ಯುದ್ಧ ಮುಗಿದ ಮೇಲೂ ಬದುಕು ಹಗುರಾಗಲಿಲ್ಲ. ಮನೆಯಲ್ಲಿ ತಂದೆಯಿಂದಲೇ ದೌರ್ಜನ್ಯ ನಡೆದಿತ್ತು. ಅದನ್ನು ಆಕೆ ಸ್ಪಷ್ಟವಾಗಿ ಹೇಳಿದ್ದು ಕೊನೆಗಾಲದಲ್ಲಿ ಬರೆದ, ಪೂರ್ತಿಯಾಗದ ಆತ್ಮಕಥೆಯಲ್ಲಿ. 1949ರಲ್ಲಿ ತಂದೆ ಮನೆ ಬಿಟ್ಟು ಹೋದರು. ಮನೆಯಲ್ಲಿ ಬಾಡಿಗೆಗೆ ತಂದ ಪಿಯಾನೊ ಒಂದಿತ್ತು. ಕಂತು ಕಟ್ಟಲಾಗದೆ ಅದನ್ನು ವಾಪಸ್ ಕೊಡಬೇಕಾಯಿತು. ನಂತರ ಬ್ರಸೆಲ್ಸ್‌ನಲ್ಲಿ ಕೆಲವು ಬಡತನದ ವರ್ಷಗಳು. ಪ್ಯಾರಿಸ್ಸಿನ ಒಂದು ಹೆಸರಾಂತ ಕ್ಯಾಬರೆಗೆ ಹಾಡಲು ಅವಕಾಶ ಕೇಳಿಕೊಂಡು ಹೋದಾಗ ಸಿಕ್ಕಿದ್ದು ಪಾತ್ರೆ ತೊಳೆಯುವ ಕೆಲಸ.

1958ರಿಂದ ‘ಲೆಕ್ಲ್ಯೂಸ್’ ಎಂಬ ಪುಟ್ಟ ಕ್ಯಾಬರೆ ಅವರ ಮನೆಯಂತಾಯಿತು. ಸೆನ್ ನದಿಯ ದಡದಲ್ಲೇ ಇದ್ದ ಜಾಗ. ರಾತ್ರಿಯ ಕೊನೆಯ ಸರದಿ ಅವರದ್ದು, ಹಾಗಾಗಿ ‘ಮಧ್ಯರಾತ್ರಿಯ ಗಾಯಕಿ’ ಅಂತ ಹೆಸರು ಬಿತ್ತು. ಕರಿ ಬಟ್ಟೆ, ಕರಿ ಪಿಯಾನೊ, ಮುಂದೆ ಕೈಗೆ ಸಿಗುವಷ್ಟು ಹತ್ತಿರದಲ್ಲಿ ಕೂತ ಜನ.

ಜುಲೈ 1964

1964ರ ಆರಂಭದಲ್ಲಿ ಹಾನ್ಸ್-ಗುಂಟರ್ ಕ್ಲೈನ್ ಎಂಬ ಜರ್ಮನ್ ಲೆಕ್ಲ್ಯೂಸಿಗೆ ಬಂದರು. ಗೊಟಿಂಗೆನ್ನಿನ ‘ಯುಂಗಸ್ ಥಿಯೇಟರ್’ ಎಂಬ ಸಣ್ಣ ನಾಟಕಶಾಲೆಯ ನಿರ್ದೇಶಕರು ಅವರು. ನಮ್ಮಲ್ಲಿ ಬಂದು ಹಾಡಿ ಎಂದರು. ಬಾರ್ಬರಾ ಮೊದಲು ಆಗುವುದಿಲ್ಲ ಎಂದರು. ಜರ್ಮನಿಗೆ ಹೋಗಿ ಹಾಡುವುದು ಅಂದರೆ ಆಕೆಗೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಒಂದು ಷರತ್ತಿನ ಮೇಲೆ ಒಪ್ಪಿಕೊಂಡರು: ವೇದಿಕೆ ಮೇಲೆ ಕರಿಯ ಗ್ರ್ಯಾಂಡ್ ಪಿಯಾನೊ ಇರಬೇಕು. ಕ್ಲೈನ್ ಆಯ್ತು ಎಂದರು.

ಜುಲೈನಲ್ಲಿ ಒಬ್ಬರೇ ಹೋದರು. ಒಪ್ಪಿಕೊಂಡದ್ದಕ್ಕೆ ತಮ್ಮ ಮೇಲೆ ತಮಗೇ ಸಿಟ್ಟು. ಥಿಯೇಟರಿಗೆ ಹೋಗಿ ನೋಡಿದರೆ ವೇದಿಕೆ ಮೇಲೆ ಗ್ರ್ಯಾಂಡ್ ಇಲ್ಲ. ಬೀರು ನಿಲ್ಲಿಸಿದ ಹಾಗೆ ಒಂದು ಎತ್ತರದ ಅಪ್‌ರೈಟ್ ಪಿಯಾನೊ ನಿಂತಿದೆ. ಪಿಯಾನೊ ಸಾಗಿಸುವ ಕೂಲಿಗಳು ಮುಷ್ಕರ ಹೂಡಿದ್ದಾರೆ, ಏನೂ ಮಾಡೋಕಾಗಲ್ಲ ಅಂತ ಕ್ಲೈನ್ ಕೈ ಚೆಲ್ಲಿದರು. ಬಾರ್ಬರಾ ಹಾಡಲ್ಲ ಎಂದರು.

ಇದನ್ನು ಕಲಾವಿದರ ಜಂಬ ಅಂತ ತಳ್ಳಿಹಾಕೋದು ಸುಲಭ. ಆದರೆ ಎತ್ತರದ ಪಿಯಾನೊ ಹಿಂದೆ ಕೂತರೆ ಹಾಡುವವರಿಗೆ ಜನ ಕಾಣಲ್ಲ, ಜನಕ್ಕೆ ಮುಖ ಕಾಣಲ್ಲ. ಬಾಡಿಗೆ ಕಟ್ಟಲಾಗದೆ ಪಿಯಾನೊ ಕಳೆದುಕೊಂಡ ಹುಡುಗಿ, ಅಡಗಿ ಬದುಕಿದ ಹುಡುಗಿ, ಈಗ ಮೂವತ್ತನಾಲ್ಕು ವರ್ಷದ ಹೆಂಗಸಾಗಿ ಜರ್ಮನರ ಮುಂದೆ ಕೂರಬೇಕು. ಮತ್ತೊಂದು ಮರೆಯ ಹಿಂದೆ ಕೂತು ಹಾಡು ಅಂದರೆ ಹೇಗೆ? ಹಟ ಮಾಡಿದ್ದರಲ್ಲಿ ನನಗೆ ತಪ್ಪು ಕಾಣೋದಿಲ್ಲ.

ಮುಂದಿನದ್ದು ಅವರೇ ಬರೆದಿಟ್ಟ ಕಥೆ. ಊರಿನಲ್ಲಿ ಒಬ್ಬ ಮುದುಕಿಯ ಮನೆಯಲ್ಲಿ ಗ್ರ್ಯಾಂಡ್ ಪಿಯಾನೊ ಇತ್ತು. ಕೊಡಲು ಆಕೆ ಒಪ್ಪಿದರು. ಹೊರುವವರು ಯಾರು? ಹತ್ತು ಜನ ವಿದ್ಯಾರ್ಥಿಗಳು ಮುಂದೆ ಬಂದರು. ಗ್ರ್ಯಾಂಡ್ ಪಿಯಾನೊ ಅಂದರೆ ಸುಮ್ಮನೆ ಅಲ್ಲ, ನೂರಾರು ಕೆ.ಜಿ. ತೂಕ, ತಂತಿ ಬಿಗಿದ ಎರಕದ ಕಬ್ಬಿಣದ ಚೌಕಟ್ಟು. ನಾವು ಮನೆ ಖಾಲಿ ಮಾಡುವಾಗ ಫ್ರಿಜ್ ಇಳಿಸೋಕೇ ನಾಲ್ಕು ಜನ ಬೇಕು. ಇವರು ಅದನ್ನು ಹೊತ್ತು ತಂದು ವೇದಿಕೆ ಮೇಲೆ ಇಟ್ಟರು. ಎಂಟೂವರೆಗೆ ಶುರುವಾಗಬೇಕಿದ್ದ ಕಾರ್ಯಕ್ರಮ ಶುರುವಾದಾಗ ರಾತ್ರಿ ಹತ್ತು ಗಂಟೆ. ಜನ ಎದ್ದು ಹೋಗಿರಲಿಲ್ಲ, ಕಾದಿದ್ದರು. ಆ ರಾತ್ರಿ ಗೆದ್ದಿತು. ಎಷ್ಟು ಅಂದರೆ, ಕ್ಲೈನ್ ಇನ್ನೊಂದು ವಾರ ಇರಿ ಎಂದರು, ಬಾರ್ಬರಾ ಇದ್ದರು.

ಮೊದಲು ಹೇಳಿದ್ದು ಈಗ ನೆನಪಿಸಿಕೊಳ್ಳಿ. 1933ರಲ್ಲಿ ಪುಸ್ತಕ ಹೊತ್ತು ತಂದು ಬೆಂಕಿಗೆ ಹಾಕಿದ್ದು ಇದೇ ಊರಿನ ವಿದ್ಯಾರ್ಥಿಗಳು. ಮೂವತ್ತೊಂದು ವರ್ಷದ ನಂತರ ಯಹೂದಿ ಗಾಯಕಿಗಾಗಿ ಪಿಯಾನೊ ಹೊತ್ತದ್ದೂ ಇದೇ ಊರಿನ ವಿದ್ಯಾರ್ಥಿಗಳು. ಈ ಹತ್ತು ಜನರ ಮನಸ್ಸಿನಲ್ಲಿ ಏನಿತ್ತು ಅಂತ ಊಹಿಸಿ ಕಥೆ ಕಟ್ಟುವುದಿಲ್ಲ. ಆದರೆ ಕಾಲದ ಹಿನ್ನೆಲೆ ಗೊತ್ತಿದೆ. 1963ರ ಡಿಸೆಂಬರ್‌ನಿಂದ ಫ್ರಾಂಕ್‌ಫರ್ಟಿನಲ್ಲಿ ಆಷ್‌ವಿಟ್ಜ್ ಶಿಬಿರದ ಸಿಬ್ಬಂದಿಯ ವಿಚಾರಣೆ ನಡೆಯುತ್ತಿತ್ತು. ಪತ್ರಿಕೆಗಳಲ್ಲಿ ಸಾಕ್ಷಿಗಳ ಹೇಳಿಕೆ ಬರುತ್ತಿತ್ತು. ಅಪ್ಪ ಯುದ್ಧದಲ್ಲಿ ಎಲ್ಲಿದ್ದ, ಏನು ಮಾಡಿದ ಎಂದು ಕೇಳುವ ವಯಸ್ಸಿಗೆ ಬಂದಿದ್ದ ಪೀಳಿಗೆ ಅದು.

ವಾರದ ಕೊನೆಯ ದಿನ ಥಿಯೇಟರಿನ ಪಕ್ಕದ ಪುಟ್ಟ ತೋಟದಲ್ಲಿ ಕೂತು ಬಾರ್ಬರಾ ಒಂದು ಹಾಡು ಗೀಚಿದರು. ಅದೇ ರಾತ್ರಿ ಅದನ್ನು ಅರ್ಧ ಓದಿ, ಅರ್ಧ ಹಾಡಿ ಒಪ್ಪಿಸಿದರು. ರಾಗ ಇನ್ನೂ ಪೂರ್ತಿಯಾಗಿರಲಿಲ್ಲ, ಅದಕ್ಕೆ ಕ್ಷಮೆಯನ್ನೂ ಕೇಳಿದರು. ಪ್ಯಾರಿಸ್ಸಿಗೆ ಹೋಗಿ ಮುಗಿಸಿದರು. 1965ರಲ್ಲಿ ಅದು ಧ್ವನಿಮುದ್ರಿಕೆಯಲ್ಲಿ ಬಂತು. ಹೆಸರು ‘ಗೊಟಿಂಗೆನ್’. ಅದೇ ನಾನು ಪುಣೆಯಲ್ಲಿ ಕೇಳಿದ ಹಾಡು.

ಎರಡು ಹಾಡು, ಒಂದೇ ಗಾಯ

ಹಾಡಿನಲ್ಲಿ ಏನಿದೆ? ಎರಡು ಊರುಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತೆ. ಅಲ್ಲಿನ ಗುಲಾಬಿ, ಅಲ್ಲಿನ ಮಕ್ಕಳು, ಅಲ್ಲಿ ಸಿಕ್ಕ ಜನ. ಹಿಟ್ಲರ್ ಹೆಸರಿಲ್ಲ, ಶಿಬಿರದ ಹೆಸರಿಲ್ಲ. ಕೊನೆಯ ಹೊತ್ತಿಗೆ ಮತ್ತೆ ಯುದ್ಧ ಬಂದರೆ ಎಂಬ ಭಯ ಬರುತ್ತೆ. ಅರ್ಥ ತಿಳಿದ ಮೇಲೆ ಮೊದಲು ನನಗೆ ಅನ್ನಿಸಿದ್ದು, ಇದು ತುಂಬಾ ಸುಲಭವಾಯಿತಲ್ವಾ ಅಂತ. ಅಷ್ಟೆಲ್ಲ ನಡೆದ ಮೇಲೆ ಗುಲಾಬಿ ಬಗ್ಗೆ ಹಾಡೋದಾ?

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಇನ್ನೊಂದು ಹಾಡು ಸಿಕ್ಕಿತು. ಜಾನ್ ಫೆರಾ ಎಂಬ ಗಾಯಕ, ಬಾರ್ಬರಾ ಹುಟ್ಟಿದ ವರ್ಷವೇ ಹುಟ್ಟಿದವರು. ಅವರ ತಂದೆ ಯಹೂದಿ, ಆಷ್‌ವಿಟ್ಜ್‌ನಲ್ಲಿ ಸತ್ತರು. 1963ರ ಕೊನೆಗೆ ಫೆರಾ ‘ಇರುಳು ಮತ್ತು ಮಂಜು’ ಎಂಬ ಅರ್ಥದ ಹಾಡನ್ನು ತಂದರು. ರೈಲಿನ ಡಬ್ಬಿಗಳಲ್ಲಿ ತುಂಬಿ ಸಾಗಿಸಲ್ಪಟ್ಟವರ ನೆನಪಿನ ಹಾಡು. ಅದೇ 1963ರ ಜನವರಿ 22ರಂದು ಅಧ್ಯಕ್ಷ ಡಿ ಗಾಲ್ ಮತ್ತು ಜರ್ಮನಿಯ ಚಾನ್ಸಲರ್ ಆಡೆನಾವರ್ ಎಲಿಸೆ ಒಪ್ಪಂದಕ್ಕೆ ಸಹಿ ಹಾಕಿದ್ದರು. ಎರಡು ದೇಶ ಗೆಳೆಯರಾಗುವ ಹೊತ್ತು. ಫೆರಾ ಹಾಡನ್ನು ಪ್ರಸಾರ ಮಾಡದಿರುವುದು ಒಳ್ಳೆಯದು ಎಂದು ಸರ್ಕಾರಿ ರೇಡಿಯೊ-ಟಿವಿಯ ಮೇಲಿನವರು ಸೂಚಿಸಿದರು. ಆದರೂ ಜನ ಅದನ್ನು ಕೊಂಡು ಕೇಳಿದರು.

ಈ ಎರಡು ಹಾಡು ಒಂದಕ್ಕೊಂದು ವಿರುದ್ಧ ಅಂತ ಮೇಲ್ನೋಟಕ್ಕೆ ಕಾಣುತ್ತೆ. ಒಂದು ನೆನಪಿಡಿ ಅನ್ನುತ್ತೆ, ಒಂದು ಕೈ ಚಾಚುತ್ತೆ. ಸರ್ಕಾರಕ್ಕೆ ಎರಡನೆಯದು ಅನುಕೂಲ, ಮೊದಲನೆಯದು ಮುಜುಗರ. ಅಧಿಕಾರದಲ್ಲಿ ಕೂತವರ ಸಂಧಾನ ಹಾಗೇ ಇರುತ್ತೆ, ಹಳೆಯದು ಬೇಡ ಬಿಡಿ, ಮುಂದಕ್ಕೆ ನೋಡೋಣ ಅಂತ. ಹಾಗೆ ಬಿಟ್ಟದ್ದು ಬರೀ ಜರ್ಮನರ ತಪ್ಪನ್ನಲ್ಲ, ತಮ್ಮದನ್ನೂ. 1942ರ ಬಂಧನಗಳಲ್ಲಿ ಫ್ರೆಂಚ್ ಆಡಳಿತದ ಹೊಣೆಯನ್ನು ಫ್ರಾನ್ಸಿನ ಅಧ್ಯಕ್ಷರೊಬ್ಬರು ಬಾಯಿಬಿಟ್ಟು ಒಪ್ಪಿದ್ದು 1995ರಲ್ಲಿ, ಜಾಕ್ ಶಿರಾಕ್ ಕಾಲಕ್ಕೆ.

ಬಾರ್ಬರಾ ಹಾಡು ಆ ಸರ್ಕಾರಿ ಮರೆವಿನ ಜೊತೆ ಸೇರುತ್ತಾ? ಸೇರಲ್ಲ ಅಂತ ನನ್ನ ಅಭಿಪ್ರಾಯ. ತಾನು ಬಯಸಿದ್ದು ಹೊಂದಾಣಿಕೆಯನ್ನು, ಮರೆವನ್ನಲ್ಲ ಎಂಬರ್ಥದ ಮಾತು ಅವರ ಆತ್ಮಕಥೆಯಲ್ಲೇ ಇದೆ. ಅದಕ್ಕಿಂತ ದೊಡ್ಡ ಸಾಕ್ಷಿ ಹಾಡಿನ ಹೆಸರು. ಅವರು ‘ಜರ್ಮನಿ’ ಅಂತ ಹಾಡು ಬರೆಯಲಿಲ್ಲ. ಒಂದು ದೇಶವನ್ನು ಇಡಿಯಾಗಿ ಕ್ಷಮಿಸುವ ಅಧಿಕಾರ ಒಬ್ಬ ಗಾಯಕಿಗೆ ಇಲ್ಲ. ಸತ್ತವರ ಪರವಾಗಿ ಕ್ಷಮಿಸುವ ಅಧಿಕಾರವಂತೂ ಯಾರಿಗೂ ಇಲ್ಲ. ಅವರು ತಮಗೆ ಗೊತ್ತಾದ ಒಂದು ಊರಿನ ಬಗ್ಗೆ, ಗೊತ್ತಾದ ಜನರ ಬಗ್ಗೆ ಮಾತ್ರ ಹೇಳಿದರು. ಪಿಯಾನೊ ಕೊಟ್ಟ ಮುದುಕಿ, ಹೊತ್ತ ಹುಡುಗರು, ಹಟ ಬಿಡದ ಕ್ಲೈನ್, ತೋಟದ ಹತ್ತಿರ ಕಂಡ ಮಕ್ಕಳು. ಮೊದಲು ನನಗೆ ಸುಲಭ ಅನ್ನಿಸಿದ್ದು ಈ ಅಳತೆಯಿಂದಲೇ. ಈಗ ಅನ್ನಿಸೋದು, ಆ ಅಳತೆಯೇ ಹಾಡಿನ ಪ್ರಾಮಾಣಿಕತೆ. ಗುಲಾಬಿ ಅಲ್ಲಿ ಇತ್ತು, ಅದಕ್ಕೇ ಹಾಡಿನಲ್ಲಿದೆ.

ಆಮೇಲೆ

1967ರಲ್ಲಿ ಬಾರ್ಬರಾ ಅದೇ ಹಾಡನ್ನು ಜರ್ಮನ್ ಭಾಷೆಯಲ್ಲಿ ಧ್ವನಿಮುದ್ರಿಸಿದರು, ಗೊಟಿಂಗೆನ್ನಿಗೆ ಮತ್ತೆ ಹೋಗಿ ಈ ಸಲ ದೊಡ್ಡ ಸಭಾಭವನದಲ್ಲಿ ಹಾಡಿದರು. 1988ರಲ್ಲಿ ಜರ್ಮನಿ ಅವರಿಗೆ ರಾಷ್ಟ್ರೀಯ ಗೌರವ ಪದಕ ಕೊಟ್ಟಿತು. 1997ರ ನವೆಂಬರ್‌ನಲ್ಲಿ ತೀರಿಕೊಂಡರು. ಗೊಟಿಂಗೆನ್ನಿನಲ್ಲಿ ಈಗ ಅವರ ಹೆಸರಿನ ರಸ್ತೆ ಇದೆ. 2003ರ ಜನವರಿ 22ರಂದು, ಎಲಿಸೆ ಒಪ್ಪಂದದ ನಲವತ್ತನೇ ವರ್ಷಕ್ಕೆ, ಎರಡೂ ದೇಶದ ಸಂಸದರು ವರ್ಸೇಲ್ಸ್ ಅರಮನೆಯಲ್ಲಿ ಸೇರಿದ್ದರು. ಅಲ್ಲಿ ಮಾತಾಡಿದ ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ಈ ಹಾಡನ್ನು ನೆನೆದರು. ಅರವತ್ತರ ದಶಕದಲ್ಲಿ ಅವರು ಕಾನೂನು ಓದಿದ್ದು ಗೊಟಿಂಗೆನ್ನಿನಲ್ಲೇ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಒಂದು ಹಾಡು ಎರಡು ದೇಶವನ್ನು ಒಂದು ಮಾಡಿತು ಅಂತ ಫಾರ್ವರ್ಡ್ ಮಾಡಬೇಡಿ. 1951ರ ಕಲ್ಲಿದ್ದಲು-ಉಕ್ಕಿನ ಒಪ್ಪಂದ, ಸೋವಿಯತ್ ಭಯ, 1963ರಲ್ಲಿ ಎರಡೂ ಸರ್ಕಾರ ಸೇರಿ ಕಟ್ಟಿದ ಯುವಜನ ಸಂಸ್ಥೆ, ಅದರ ಮೂಲಕ ಗಡಿ ದಾಟಿ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಉಳಿದು ಬಂದ ಲಕ್ಷಾಂತರ ಹುಡುಗ-ಹುಡುಗಿಯರು, ಇದೆಲ್ಲ ಸೇರಿ ಆದ ಕೆಲಸ ಅದು. ಹಾಡು ಮಾಡಿದ್ದು ಬೇರೆ. ಒಪ್ಪಂದದ ಕಾಗದದಲ್ಲಿ ಇಲ್ಲದ ಮುಖಗಳನ್ನು ಅದು ಕೊಟ್ಟಿತು.

ಬಾರ್ನ್ ಕಥೆಯನ್ನೂ ಮುಗಿಸ್ತೀನಿ. ಎಡಿನ್‌ಬರೋದಲ್ಲಿ ನಿವೃತ್ತರಾದ ಮೇಲೆ ಅವರು ಜರ್ಮನಿಗೇ ವಾಪಸ್ ಹೋದರು, ಗೊಟಿಂಗೆನ್ನಿನಿಂದ ಅಷ್ಟೇನೂ ದೂರವಲ್ಲದ ಬಾಡ್ ಪಿರ್ಮಾಂಟ್ ಎಂಬ ಊರಿಗೆ. ಹಳೆಯ ಗೆಳೆಯ ಐನ್‌ಸ್ಟೈನ್‌ಗೆ ಇದು ಸರಿಬರಲಿಲ್ಲ, ನಮ್ಮವರನ್ನು ಕೊಂದ ದೇಶಕ್ಕೆ ಹೋಗ್ತೀರಾ ಎಂಬ ಧಾಟಿಯಲ್ಲಿ ಆಕ್ಷೇಪಿಸಿದರು. ಐನ್‌ಸ್ಟೈನ್ ಮತ್ತೆ ಜರ್ಮನಿಯ ನೆಲ ಮೆಟ್ಟಲೇ ಇಲ್ಲ. ಬಾರ್ನ್ 1970ರಲ್ಲಿ ತೀರಿಕೊಂಡರು, ಅವರ ಸಮಾಧಿ ಗೊಟಿಂಗೆನ್ನಿನಲ್ಲಿದೆ. ಇಬ್ಬರಲ್ಲಿ ಯಾರು ಸರಿ? ನನಗೆ ಇಬ್ಬರೂ ಸರಿ ಅನ್ನಿಸುತ್ತೆ. ಹೋಗದೇ ಇರುವ ಹಕ್ಕು ಪೂರ್ತಿ ಇರುವಾಗಲೇ ಹೋದದ್ದಕ್ಕೆ ಬೆಲೆ.

ಹೊರ ರಾಜ್ಯದಲ್ಲಿ ಬದುಕುವ ನಮಗೆ ಇದು ತಟ್ಟೋದು ಬೇರೆ ಕಾರಣಕ್ಕೆ. ಹೋಲಿಕೆ ಮಾಡ್ತಿಲ್ಲ, ಮಾಡಬಾರದು. ಅಲ್ಲಿ ನಡೆದದ್ದು ಜನಾಂಗದ ಹತ್ಯೆ. ಆದರೆ 2022ರ ಡಿಸೆಂಬರ್ ನೆನಪಿರಬಹುದು. ಗಡಿ ಗಲಾಟೆ ಎದ್ದು ಬೆಳಗಾವಿ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದಿತ್ತು, ಇಲ್ಲಿ ಪುಣೆಯಲ್ಲಿ ನಮ್ಮ ಬಸ್ಸುಗಳಿಗೆ ಮಸಿ ಬಳಿದಿದ್ದರು. ಊರಿಂದ ಅಮ್ಮ ದಿನಕ್ಕೆ ಮೂರು ಸಲ ಫೋನ್ ಮಾಡ್ತಿದ್ರು, ಹೊರಗೆ ಕನ್ನಡದಲ್ಲಿ ಜೋರಾಗಿ ಮಾತಾಡ್ಬೇಡ ಅಂತ. ಅದೇ ವಾರ ಕೆಳಗಿನ ಮನೆಯ ಕಾಕು ನನಗೆ ಜ್ವರ ಅಂತ ಗೊತ್ತಾಗಿ, ಮೂರು ದಿನ ಸ್ಟೀಲ್ ಡಬ್ಬಿಯಲ್ಲಿ ಮೆತ್ತಗಿನ ಅನ್ನ, ವರಣ ಕಳಿಸಿದ್ರು. ಡಬ್ಬಿ ವಾಪಸ್ ಕೊಡುವಾಗ ಖಾಲಿ ಕೊಡಬಾರದು ಅಂತ ಅಮ್ಮ ಹೇಳಿಕೊಟ್ಟಿದ್ದು ನೆನಪಾಗಿ, ಊರಿಂದ ತಂದಿದ್ದ ಕಾಯಿ ಹೋಳಿಗೆ ಹಾಕಿ ಕೊಟ್ಟೆ. ಗಡಿ ಬಗ್ಗೆ ಕಾಕು ಅಭಿಪ್ರಾಯ ಏನು ಅಂತ ನಾನು ಇವತ್ತಿಗೂ ಕೇಳಿಲ್ಲ, ನನ್ನದನ್ನು ಅವರೂ ಕೇಳಿಲ್ಲ. ಬಹುಶಃ ಒಪ್ಪಲ್ಲ ಇಬ್ಬರೂ.

ಹಾಡು ಯಾವ ವೇದಿಕೆಯಲ್ಲಾದರೂ ಸಿಕ್ಕುತ್ತೆ, ಫ್ರೆಂಚ್ ಮತ್ತು ಜರ್ಮನ್ ಎರಡರಲ್ಲೂ ಇದೆ. ಮೊದಲು ಫ್ರೆಂಚ್ ಕೇಳಿ. ಭಾಷೆ ಬರದಿದ್ದರೂ ಪರವಾಗಿಲ್ಲ, ಆ ಒಂದು ಪದ ನಿಮಗೆ ಈಗ ಗೊತ್ತು. ನಿಮ್ಮ ಊರಲ್ಲಿ, ಅದು ಚೆನ್ನೈ ಇರಲಿ ಹೈದರಾಬಾದ್ ಇರಲಿ, ನಿಮಗಾಗಿ ಪಿಯಾನೊ ಹೊತ್ತವರು ಯಾರಾದರೂ ಇದ್ದರೆ ಕೆಳಗೆ ಬರೆಯಿರಿ. ಮುಂದಿನ ವಾರ ಸಿಗೋಣ, ನಮಸ್ಕಾರ.